ಮರಳು ಗಡಿಯಾರ ತಿರುಗಿಸಿದ್ದು ಸರಿಯಾ? ‘ಮಾರ್ಟ್’ ಓದಿದವರ ಮುಗಿಯದ ಜಗಳ

ಕುದುರೆ ಲಾಯದಲ್ಲಿ ಮೊಣಕಾಲುದ್ದ ಲದ್ದಿ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಸಲಿಕೆ ಹಿಡಿದು ಅದನ್ನೆಲ್ಲ ಬಾಚಿ ಹಾಕಿದ್ದಾನೆ. ಆಮೇಲೆ ಯಜಮಾನ ಕೇಳುತ್ತಾನೆ: ಮೊದಲ ಕೆಲಸ ಅಂತ ನಿನ್ನನ್ನು ಲಾಯಕ್ಕೇ ಯಾಕೆ ಕಳಿಸಿದೆ, ಯೋಚನೆ ಮಾಡಿ ಹೇಳು. ಇಂಥ ಪ್ರಶ್ನೆಗೆ ಕತೆಗಳಲ್ಲಿ ಏನು ಉತ್ತರ ಬರುತ್ತದೆ ಅಂತ ನಮಗೆಲ್ಲ ಗೊತ್ತು. ಅಹಂಕಾರ ಇಳಿಯಲಿ ಅಂತ, ವಿನಯ ಕಲಿಯಲಿ ಅಂತ, ಇನ್ನೇನೋ. ಹುಡುಗ ಯೋಚನೆ ಮಾಡುತ್ತಾನೆ. ನಿಮ್ಮ ಲಾಯದಲ್ಲಿ ಮೊಣಕಾಲುದ್ದ ಲದ್ದಿ ತುಂಬಿತ್ತಲ್ಲ, ಅದಕ್ಕೇ ಇರಬೇಕು ಅನ್ನುತ್ತಾನೆ. ಯಜಮಾನನಿಗೆ ಬಹಳ ಖುಷಿ. ಸರಿಯಾಗಿ ಹೇಳಿದೆ, ನಮ್ಮ ಕಸುಬಿಗೆ ಇಂಥ ನೇರ ಬುದ್ಧಿಯೇ ಬೇಕು ಅನ್ನುತ್ತಾನೆ.

ಕಸುಬು ಏನಪ್ಪಾ ಅಂದರೆ ಜೀವ ಒಯ್ಯುವುದು. ಯಜಮಾನ ಸಾಕ್ಷಾತ್ ಸಾವು. ಕುಡುಗೋಲು, ಕರಿ ನಿಲುವಂಗಿ, ಬರೀ ಎಲುಬು. ಕುದುರೆಯ ಹೆಸರು ಮಾತ್ರ ಬಿಂಕಿ.

1987ರಲ್ಲಿ ಬಂದ ಈ ಕಾದಂಬರಿ ‘ಮಾರ್ಟ್’. ಬರೆದವರು ಇಂಗ್ಲೆಂಡಿನ ಟೆರಿ ಪ್ರಾಚೆಟ್. 1983ರಿಂದ 2015ರ ತನಕ ಅವರು ಕಟ್ಟಿದ ಡಿಸ್ಕ್‌ವರ್ಲ್ಡ್ ಎಂಬ ಲೋಕದಲ್ಲಿ 41 ಕಾದಂಬರಿಗಳಿವೆ, ಇದು ನಾಲ್ಕನೆಯದು. ಆ ಲೋಕ ತಟ್ಟೆಯ ಹಾಗೆ ಚಪ್ಪಟೆ. ಅದನ್ನು ಹೊತ್ತವು ನಾಲ್ಕು ಆನೆ, ಆನೆಗಳನ್ನು ಹೊತ್ತಿದ್ದು ಒಂದು ಆಮೆ. (ಆಮೆ, ಆನೆ ಎಲ್ಲಿಂದ ಹೋದವು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.) 2003ರಲ್ಲಿ ಬಿಬಿಸಿ ಬ್ರಿಟನ್ನಿನ ಓದುಗರಿಂದ ಮತ ಹಾಕಿಸಿ ‘ಬಿಗ್ ರೀಡ್’ ಎಂಬ ಪಟ್ಟಿ ಮಾಡಿದಾಗ ‘ಮಾರ್ಟ್’ 65ನೇ ಸ್ಥಾನಕ್ಕೆ ಬಂತು. ಡಿಸ್ಕ್‌ವರ್ಲ್ಡ್ ಪುಸ್ತಕಗಳಲ್ಲಿ ಅದೇ ಎಲ್ಲಕ್ಕಿಂತ ಮೇಲೆ. ಈ ಮಾಲೆ ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ಇವತ್ತಿಗೂ ಸಿಗುವ ಉತ್ತರಗಳಲ್ಲಿ ಇದು ಮುಂದಿನ ಸಾಲಿನದು.

ಹಾಗಂತ ಓದಿದವರೆಲ್ಲ ಒಪ್ಪಿಬಿಟ್ಟಿದ್ದಾರೆ ಅಂದುಕೊಳ್ಳಬೇಡಿ. ‘ಮಾರ್ಟ್’ ಬಗ್ಗೆ ಎರಡು ಮಾತು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು, ಸಾವಿನ ಪಾತ್ರ ಅದ್ಭುತ. ಇನ್ನೊಂದು, ಕತೆ ಸುಮಾರು. ತಮಾಷೆ ಏನೆಂದರೆ ಈ ಎರಡೂ ಮಾತನ್ನು ಎಷ್ಟೋ ಸಲ ಒಬ್ಬರೇ ಹೇಳುತ್ತಾರೆ. ಒಂದೇ ಪುಸ್ತಕದ ಅರ್ಧಕ್ಕೆ ಚಪ್ಪಾಳೆ, ಇನ್ನರ್ಧಕ್ಕೆ ಆಕಳಿಕೆ. ಯಾಕೆ ಹೀಗೆ?

ಮೊದಲು ಹೆಸರಿನ ಗೋಜು ಬಗೆಹರಿಸಿಕೊಳ್ಳೋಣ. ಈ ಪಾತ್ರವನ್ನು ಕನ್ನಡದಲ್ಲಿ ಏನಂತ ಕರೆಯುವುದು? ‘ಸಾವು’ ಅಂದರೆ ನಪುಂಸಕಲಿಂಗ, ‘ಸಾವು ಬಂತು, ಹೋಯಿತು’ ಅನ್ನಬೇಕಾಗುತ್ತದೆ. ಬಿಂಕಿಗೆ ಹುಲ್ಲು ಹಾಕುವ ಮನುಷ್ಯ ಅದರಲ್ಲಿ ಕಾಣುವುದಿಲ್ಲ. ‘ಯಮ’ ಅಂದುಬಿಟ್ಟರೆ ಕೋಣ ಬಂದು ನಿಲ್ಲುತ್ತದೆ, ಪಾಶ ಬರುತ್ತದೆ, ಚಿತ್ರಗುಪ್ತನ ಲೆಕ್ಕದ ಪುಸ್ತಕ ಬರುತ್ತದೆ. ‘ಮೃತ್ಯು’ ಅಂದರೆ ಮಹಾಭಾರತದಲ್ಲಿ ಅವಳು ಹೆಂಗಸು. ಜೀವ ತೆಗೆಯುವ ಕೆಲಸ ನನಗೆ ಬೇಡ ಅಂತ ಬ್ರಹ್ಮನ ಮುಂದೆ ಅತ್ತವಳು. ಈ ಪರದಾಟ ನಮ್ಮದು ಮಾತ್ರ ಅಲ್ಲ. ಚೆಕ್ ಭಾಷೆಯಲ್ಲಿ ಸಾವು ಸ್ತ್ರೀಲಿಂಗ. ಅಲ್ಲಿನ ಅನುವಾದಕರು ಪದದ ಕೊನೆಯನ್ನು ಒಂಚೂರು ತಿರುಚಿ ಗಂಡು ಹೆಸರು ಮಾಡಿಕೊಂಡರು. ಫ್ರೆಂಚ್‌ನಲ್ಲಿ ತೊಡಕು ಇನ್ನೂ ಜಾಸ್ತಿ. ಹುಡುಗನ ಹೆಸರು ಮಾರ್ಟ್, ಆ ಅಕ್ಷರಗಳಿಗೆ ಫ್ರೆಂಚ್‌ನಲ್ಲಿ ಅರ್ಥವೇ ಸಾವು. ಹಾಗಾಗಿ ಅಲ್ಲಿ ಪುಸ್ತಕದ ಹೆಸರು ‘ಮಾರ್ಟಿಮರ್’ ಆಯಿತು. ಇಲ್ಲಿ ನಾನು ಸುಮ್ನೆ ‘ಡೆತ್’ ಅಂತ ಹೆಸರಾಗಿಯೇ ಬರೆಯುತ್ತೇನೆ.

ಕತೆ ಚಿಕ್ಕದು. ಮಾರ್ಟ್ ಯಾವ ಕೆಲಸಕ್ಕೂ ಒಗ್ಗದ, ಉದ್ದ ಕೈಕಾಲಿನ ಹಳ್ಳಿ ಹುಡುಗ. ಕೆಲಸ ಕಲಿಯುವ ಹುಡುಗರನ್ನು ಆರಿಸಿಕೊಳ್ಳುವ ಸಂತೆಗೆ ಅಪ್ಪ ಕರೆದುಕೊಂಡು ಹೋಗುತ್ತಾನೆ. ಉಳಿದ ಹುಡುಗರೆಲ್ಲ ಹೋದರೂ ಇವನನ್ನು ಕೇಳುವವರಿಲ್ಲ. ನಡುರಾತ್ರಿಯ ಗಂಟೆ ಹೊಡೆಯುವ ಹೊತ್ತಿಗೆ ಡೆತ್ ಬಂದು ಕೇಳುತ್ತಾನೆ. ಅಪ್ಪನ ಕಣ್ಣಿಗೆ ಅವನು ಹೆಣ ಸಾಗಿಸುವ ವ್ಯಾಪಾರಿಯ ಹಾಗೆ ಕಾಣುತ್ತಾನೆ, ಒಳ್ಳೆ ಕಸುಬು ಅಂದುಕೊಂಡು ಒಪ್ಪುತ್ತಾನೆ. ಡೆತ್ ಮನೆಯಲ್ಲಿ ಎಲ್ಲವೂ ಕಪ್ಪು, ತೋಟ ಕೂಡ. ಅಲ್ಲಿ ಇಸಬೆಲ್ ಎಂಬ ಸಾಕುಮಗಳಿದ್ದಾಳೆ, ಆಲ್ಬರ್ಟ್ ಎಂಬ ಆಳು ಇದ್ದಾನೆ. ಒಂದು ಕೋಣೆಯ ತುಂಬ ಮರಳು ಗಡಿಯಾರಗಳು, ಒಂದೊಂದು ಜೀವಕ್ಕೆ ಒಂದೊಂದು. ‘ಆಯಸ್ಸು ಗಟ್ಟಿ ಇತ್ತು, ಉಳಕೊಂಡ’ ಅಂತ ನಾವು ಬಾಯಿಮಾತಿಗೆ ಅನ್ನುತ್ತೇವಲ್ಲ, ಆ ಆಯಸ್ಸನ್ನು ಪ್ರಾಚೆಟ್ ಕೈಯಲ್ಲಿ ಹಿಡಿಯುವ ವಸ್ತು ಮಾಡಿ ಕಪಾಟಿನಲ್ಲಿ ಇಟ್ಟಿದ್ದಾರೆ.

ಒಬ್ಬ ರಾಜನ ಕೊಲೆ ನಡೆಯುತ್ತದೆ. ಕೊಲೆ ಮಾಡಿಸಿದವನು ಸ್ಟೋ ಹೆಲಿಟ್‌ನ ಡ್ಯೂಕ್. ಡೆತ್ ಜೊತೆ ಹೋದ ಮಾರ್ಟ್ ಇದನ್ನು ತಡೆಯಬಾರದಾ, ಇದು ನ್ಯಾಯವಾ ಅಂತ ಕೇಳುತ್ತಾನೆ. ನ್ಯಾಯ ಅನ್ನುವುದೇ ಇಲ್ಲ, ಇರುವುದು ನಾವಷ್ಟೇ ಅನ್ನುವ ಅರ್ಥದ ಉತ್ತರ ಬರುತ್ತದೆ. ಆಮೇಲೆ ಅದೇ ರಾಜನ ಮಗಳು ಕೆಲಿಯ ಸರದಿ. ಈ ಸಲ ಮಾರ್ಟ್ ಒಬ್ಬನೇ ಹೋಗಿದ್ದಾನೆ. ಅವಳ ಜೀವ ಒಯ್ಯುವ ಬದಲು ಕೊಲೆಗಾರನನ್ನೇ ಕೊಲ್ಲುತ್ತಾನೆ.

ಅಲ್ಲಿಂದ ಶುರು ಓದುಗರ ತಕರಾರು. ರಾಜಕುಮಾರಿ ಬದುಕಿದ್ದಾಳೆ, ಆದರೆ ಲೋಕಕ್ಕೆ ಅವಳು ಸತ್ತವಳು. ಆಳುಗಳು ಎದುರಿಗೆ ನಿಂತೇ ಅವಳನ್ನು ಮರೆಯುತ್ತಾರೆ. ನಾನು ಇದ್ದೇನೆ ಅಂತ ಜನರಿಗೆ ನೆನಪಿಸಲು ಅವಳು ಒಬ್ಬ ಮಂತ್ರವಾದಿಯನ್ನು ಸಂಬಳಕ್ಕೆ ಇಟ್ಟುಕೊಳ್ಳುತ್ತಾಳೆ. ಇಷ್ಟು ಚಂದದ ಎಳೆ ಹಿಡಿದ ಮೇಲೆ ಪುಸ್ತಕ ಅವಸರ ಮಾಡುತ್ತದೆ ಅನ್ನುವುದು ಒಂದು ದೂರು. ಮಾರ್ಟ್ ಮತ್ತು ಇಸಬೆಲ್ ಇನ್ನೂರು ಪುಟ ಕಚ್ಚಾಡಿ ಕೊನೆಗೆ ಪ್ರೀತಿಯಲ್ಲಿ ಬೀಳುತ್ತಾರೆ, ಯಾವಾಗ ಬಿದ್ದರು ಅಂತ ಹುಡುಕಬೇಕು ಅನ್ನುವುದು ಇನ್ನೊಂದು. ಇಸಬೆಲ್ ಮೈಕಟ್ಟಿನ ಬಗೆಗಿನ ಜೋಕುಗಳು ಇವತ್ತು ಓದಿದರೆ ಹಳಸಿವೆ. ಅದನ್ನು ನಾನೂ ಒಪ್ಪುತ್ತೇನೆ, ಸಮರ್ಥನೆ ಇಲ್ಲ. ಅಧ್ಯಾಯಗಳೇ ಇಲ್ಲ, ಎಲ್ಲಿ ನಿಲ್ಲಿಸಿ ಮಲಗುವುದು ಗೊತ್ತಾಗಲ್ಲ ಅನ್ನುವವರೂ ಇದ್ದಾರೆ. ಅದು ಪ್ರಾಚೆಟ್ ಅಭ್ಯಾಸ, ಒಗ್ಗಿಕೊಳ್ಳಬೇಕು ಅಷ್ಟೆ.

ಇದೇ ಹೊತ್ತಿಗೆ ಡೆತ್ ಏನು ಮಾಡುತ್ತಿದ್ದಾನೆ? ರಜೆ ಹಾಕಿದ್ದಾನೆ. ಮನುಷ್ಯರು ‘ಮಜಾ’ ಅನ್ನುತ್ತಾರಲ್ಲ, ಅದು ಏನು ಅಂತ ನೋಡಬೇಕು ಅವನಿಗೆ. ದೊಡ್ಡವರ ಮನೆಯ ಔತಣಕ್ಕೆ ಹೋಗಿ, ಒಬ್ಬರ ಹಿಂದೆ ಒಬ್ಬರು ಸಾಲಾಗಿ ಕುಣಿಯುವಾಗ ತಾನೂ ಸೇರಿಕೊಂಡು, ಈಗ ಆಗುತ್ತಿರುವುದು ಮಜಾನಾ ಅಂತ ಪಕ್ಕದವರನ್ನು ವಿಚಾರಿಸುತ್ತಾನೆ. ಹೆಂಡದಂಗಡಿಯಲ್ಲಿ ಕುಡಿದು ನೋಡುತ್ತಾನೆ. ಮೀನು ಹಿಡಿಯಲು ಕೂರುತ್ತಾನೆ. ಕೊನೆಗೆ ಕೆಲಸ ಕೊಡಿಸುವ ದಲ್ಲಾಳಿಯ ಎದುರು ಹೋಗಿ ಕೂರುತ್ತಾನೆ.

ಆ ಪುಟವನ್ನು ನಿಧಾನಕ್ಕೆ ಓದಬೇಕು. ದಲ್ಲಾಳಿ ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಾನೆ, ನಿಮಗೆ ಏನು ಬರುತ್ತದೆ? ಡೆತ್‌ಗೆ ಸುಳ್ಳು ಹೇಳಿ ಗೊತ್ತಿಲ್ಲ. ಯೋಚಿಸಿ, ಬೇಸಾಯದ ಸಲಕರಣೆ ಬಳಸಿ ಸ್ವಲ್ಪ ಅನುಭವ ಇದೆ ಅನ್ನುತ್ತಾನೆ. ಕುಡುಗೋಲು ಬೇಸಾಯದ್ದೇ ತಾನೇ? ನಗು ಬರುವುದು ಡೆತ್ ಜೋಕು ಮಾಡಿದ್ದರಿಂದ ಅಲ್ಲ, ಮಾಡದೇ ಇದ್ದದ್ದರಿಂದ. ಅವನು ಜೋಕು ಮಾಡಲು ಹೊರಟವನೇ ಅಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಲು ನೋಡುತ್ತಾನೆ, ಅಷ್ಟೇ. ಕೆಲಸ ಸಿಗುವುದು ಆಂಖ್-ಮೊರ್ಪೋರ್ಕ್ ನಗರದ ಒಂದು ಜಿಡ್ಡು ಹಿಡಿದ ಖಾನಾವಳಿಯಲ್ಲಿ, ಅಡುಗೆಯವನಾಗಿ. ಗಿರಾಕಿ ಬಾಯಿ ಬಿಡುವ ಮೊದಲೇ ಅವನಿಗೆ ಏನು ಬೇಕು ಅಂತ ತಿಳಿದು ಮಾಡಿ ಇಡುತ್ತಾನೆ. ಎಲ್ಲರ ಕೊನೆ ಗೊತ್ತಿದ್ದವನಿಗೆ ಎಲ್ಲರ ಹಸಿವು ಗೊತ್ತಾಗುವುದು ಏನು ದೊಡ್ಡದು? ಅಲ್ಲಿ ಅವನು ಸುಖವಾಗಿದ್ದಾನೆ. ಲೆಕ್ಕವಿಲ್ಲದಷ್ಟು ಕಾಲ ಮಾಡಿದ ಕೆಲಸದಲ್ಲಿ ಒಬ್ಬರೂ ‘ಚೆನ್ನಾಗಿತ್ತು’ ಅಂದಿರಲಿಲ್ಲ. ಇಲ್ಲಿ ತಟ್ಟೆ ಖಾಲಿಯಾಗಿ ವಾಪಸ್ ಬರುತ್ತದೆ.

ಓದುಗರು ಮನಸೋಲುವುದು ಇಲ್ಲೇ. ಪ್ರಾಚೆಟ್ ಇಡೀ ಪುಸ್ತಕ ಡೆತ್ ಬಗ್ಗೆಯೇ ಬರೆಯಬಾರದಿತ್ತಾ, ಆ ಹುಡುಗನ ಗೋಳು ಯಾಕೆ ಬೇಕಿತ್ತು ಅನ್ನುವ ಮಾತು ಹುಟ್ಟುವುದೂ ಇಲ್ಲೇ.

ನನಗೆ ಇದು ಒಪ್ಪಿಗೆ ಆಗುವುದಿಲ್ಲ. ಎರಡು ಕತೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹುಡುಗನಿಗೆ ಕನಿಕರ ಇದೆ, ಕಸುಬು ಬರುವುದಿಲ್ಲ. ಡೆತ್‌ಗೆ ಕಸುಬು ಬರುತ್ತದೆ, ಕನಿಕರ ಏನು ಅಂತ ಗೊತ್ತಿಲ್ಲ. ಒಬ್ಬ ಕನಿಕರದಿಂದ ಲೋಕದ ಲೆಕ್ಕ ಕೆಡಿಸುತ್ತಾನೆ. ಇನ್ನೊಬ್ಬ ಒಲೆ ಮುಂದೆ ನಿಂತು ಕನಿಕರ ಕಲಿಯುತ್ತಾನೆ. ಇವನು ಅವನಾಗುತ್ತಾ, ಅವನು ಇವನಾಗುತ್ತಾ ಬರುತ್ತಾರೆ. ಮಾರ್ಟ್ ಗೋಡೆಗಳ ಮೂಲಕವೇ ತೂರಿ ಹೋಗಲು ಶುರು ಮಾಡುತ್ತಾನೆ, ದನಿ ಬದಲಾಗುತ್ತದೆ. ಹುಡುಗನ ಭಾಗ ಸಪ್ಪೆ ಅನ್ನಿಸುವುದಕ್ಕೆ ಒಂದು ಕಾರಣ ಅವನ ಬಣ್ಣ ಕಣ್ಣೆದುರೇ ಇಳಿಯುತ್ತಾ ಹೋಗುವುದು. ಡೆತ್ ತುಂಬಿಕೊಳ್ಳಬೇಕಾದರೆ ಒಬ್ಬರು ಖಾಲಿಯಾಗಬೇಕಲ್ಲ. ಅವಸರದ ಪ್ರೇಮ ಅವಸರದ ಪ್ರೇಮವೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಹುಡುಗನನ್ನು ಕಿತ್ತು ಹಾಕಿದರೆ ಖಾನಾವಳಿಯ ಡೆತ್ ಬರೀ ಒಂದು ನಾಟಕದ ಹಾಸ್ಯಪ್ರಸಂಗ ಆಗಿಬಿಡುತ್ತಾನೆ.

ಇನ್ನೊಂದು ವಿಷಯ ಎಷ್ಟೋ ಜನರ ಗಮನದಿಂದ ಜಾರುತ್ತದೆ. ರಾಜಕುಮಾರಿಯನ್ನು ಕೊಲ್ಲಿಸಲು ಹೊರಟ ಡ್ಯೂಕ್ ಕೆಟ್ಟವನು, ಅನುಮಾನವೇ ಇಲ್ಲ. ಆದರೆ ಅವಳು ಸತ್ತು ಅವನು ಆಳಿದ್ದರೆ ಜಗಳವಾಡುವ ಊರುಗಳು ಒಂದಾಗಿ ಬಹುಕಾಲ ಶಾಂತಿ ಇರುತ್ತಿತ್ತು. ವಿಧಿ ಬರೆದುಕೊಂಡಿದ್ದು ಹಾಗೆ. ಅಂದರೆ ಮಾರ್ಟ್ ಉಳಿಸಿದ ಒಂದು ಜೀವಕ್ಕೆ ಎಷ್ಟು ಜೀವ ಬೆಲೆ? ನಗೆ ಕಾದಂಬರಿ ಅಂತ ಕೈಗೆ ತೆಗೆದುಕೊಂಡವರ ಎದುರು ಪ್ರಾಚೆಟ್ ಈ ಪ್ರಶ್ನೆಯನ್ನು ಇಟ್ಟು ಮುಂದಿನ ಜೋಕಿಗೆ ಹೋಗಿಬಿಡುತ್ತಾರೆ.

ಇಲ್ಲಿ ನಮ್ಮ ಯಮನಿಗೂ ಡೆತ್‌ಗೂ ಇರುವ ಅಂತರ ಕಾಣುತ್ತದೆ. ಯುರೋಪಿನಲ್ಲಿ 14ನೇ ಶತಮಾನದ ಪ್ಲೇಗ್ ಆದಮೇಲಿನ ಕಾಲದಲ್ಲಿ, ರಾಜನಿಂದ ರೈತನ ತನಕ ಎಲ್ಲರ ಕೈ ಹಿಡಿದು ಕುಣಿಸಿಕೊಂಡು ಹೋಗುವ ಎಲುಬುಗಳ ಚಿತ್ರಗಳು ಬಂದವು. ಆ ಹೆದರಿಕೆಯಲ್ಲಿ ಬೆಳೆದ ಓದುಗರಿಗೆ ಮರ್ಯಾದಸ್ಥ ಸಾವು ಹೊಸದು. ನಮಗೆ ಅಷ್ಟು ಹೊಸದಲ್ಲ. ಕಠೋಪನಿಷತ್ತಿನಲ್ಲೂ ಹುಡುಗನೊಬ್ಬ ಸಾವಿನ ಮನೆಗೆ ಹೋಗುತ್ತಾನೆ. ಯಮ ಮನೆಯಲ್ಲಿಲ್ಲ. ನಚಿಕೇತ ಮೂರು ರಾತ್ರಿ ಊಟವಿಲ್ಲದೆ ಕಾಯುತ್ತಾನೆ. ಬಂದ ಯಮನಿಗೆ ಅತಿಥಿಯನ್ನು ಉಪವಾಸ ಕೂರಿಸಿದೆನಲ್ಲ ಅಂತ ಕಸಿವಿಸಿ, ಅದಕ್ಕೇ ಮೂರು ವರ ಕೊಡುತ್ತಾನೆ. ಪ್ರಾಚೆಟ್ ಕೈಗೆ ಸಿಕ್ಕಿದ್ದರೆ ಆ ಕಸಿವಿಸಿಯಲ್ಲಿ ಐವತ್ತು ಪುಟ ಬರೆಯುತ್ತಿದ್ದರು. ಆದರೆ ನಮ್ಮವನು ಯಮಧರ್ಮರಾಯ. ತೀರ್ಪು ಕೊಡುತ್ತಾನೆ, ಪಾಪಪುಣ್ಯ ತೂಗುತ್ತಾನೆ. ಡೆತ್ ತೂಗುವುದಿಲ್ಲ. ಅವನು ಒಯ್ಯುವವನು ಮಾತ್ರ. ಅವನ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತರೆ ಪ್ರಯೋಜನ ಇಲ್ಲ, ಸಹಿ ಹಾಕುವ ಅಧಿಕಾರವೇ ಅವನಿಗಿಲ್ಲ.

ಇಲ್ಲ ಅಂದುಕೊಂಡಿರುತ್ತೇವೆ. ಮುಂದೆ ಕೊನೆಯ ಪ್ರಸಂಗ ಇದೆ, ಓದದವರು ಎರಡು ಪ್ಯಾರಾ ಹಾರಿಸಿಬಿಡಿ.

ಡೆತ್ ಮತ್ತು ಮಾರ್ಟ್ ನಡುವೆ ಕಾಳಗ ಆಗುತ್ತದೆ. ಡೆತ್ ಗೆಲ್ಲುತ್ತಾನೆ. ಮಾರ್ಟ್‌ನ ಗಡಿಯಾರದಲ್ಲಿ ಮರಳು ಮುಗಿಯುತ್ತದೆ. ಹೊಡೆತ ಬೀಳಬೇಕು. ಆಗ ಡೆತ್ ಗಡಿಯಾರವನ್ನು ತಲೆಕೆಳಗೆ ಮಾಡಿ ಇಡುತ್ತಾನೆ. ಮುಗಿಯಿತು. ಹುಡುಗ ಬದುಕುತ್ತಾನೆ, ಇಸಬೆಲ್‌ಳನ್ನು ಮದುವೆಯಾಗುತ್ತಾನೆ, ಆ ಡ್ಯೂಕ್‌ನ ಜಾಗಕ್ಕೆ ಬಂದು ಅವನು ಮಾಡಬೇಕಿದ್ದ ಒಳ್ಳೆಯ ಕೆಲಸಗಳ ಹೊಣೆ ಹೊರುತ್ತಾನೆ. ಓದುಗರು ದೊಡ್ಡದಾಗಿ ಒಡೆಯುವುದು ಈ ಒಂದು ಕೈಸನ್ನೆಯಲ್ಲಿ. ನಿಯಮ ಮುರಿಯಬಾರದು ಅಂತ ಇಡೀ ಪುಸ್ತಕ ಹೇಳಿ ಕೊನೆಗೆ ನಿಯಮ ಕಾಯುವವನೇ ಮುರಿದರೆ ಅದು ಮೋಸ ಅನ್ನುವವರು ಒಂದು ಕಡೆ. ಅಡುಗೆಮನೆಯಲ್ಲಿ ಕಲಿತಿದ್ದನ್ನು ಅವನು ಬಳಸಿದ್ದು ಅಲ್ಲೇ ಅಲ್ವಾ, ಕಣ್ಣಲ್ಲಿ ನೀರು ಬಂತು ಅನ್ನುವವರು ಇನ್ನೊಂದು ಕಡೆ.

ನನ್ನ ಮಟ್ಟಿಗೆ ಹೇಳುವುದಾದರೆ, ಅದು ಮೋಸವೇ. ಮತ್ತು ಅದು ಮೋಸ ಅಂತ ಪ್ರಾಚೆಟ್‌ಗೂ ಗೊತ್ತಿತ್ತು. ಸಾಕ್ಷಿ ಏಳು ವರ್ಷ ಬಿಟ್ಟು ಬಂತು. 1994ರ ‘ಸೋಲ್ ಮ್ಯೂಸಿಕ್’ ಕಾದಂಬರಿಯ ಶುರುವಿನಲ್ಲೇ ಮಾರ್ಟ್ ಮತ್ತು ಇಸಬೆಲ್ ಕೂತ ಗಾಡಿ ಕಮರಿಗೆ ಉರುಳುತ್ತದೆ. ಇಬ್ಬರೂ ಸಾಯುತ್ತಾರೆ, ಸೂಸನ್ ಎಂಬ ಮಗಳು ಉಳಿಯುತ್ತಾಳೆ. ಗಡಿಯಾರ ತಿರುಗಿಸಿದ್ದು ಸಾಲ ಕೊಟ್ಟ ಹಾಗೆ, ವಾಯಿದೆ ಬಂತು. ಡೆತ್ ದುಃಖ ತಡೆಯಲಾಗದೆ, ಮರೆಯುವುದು ಹೇಗೆ ಅಂತ ಹುಡುಕಿಕೊಂಡು ಮನೆ ಬಿಟ್ಟು ಹೋಗುತ್ತಾನೆ. ‘ಮಾರ್ಟ್’ ಒಂದನ್ನೇ ಓದಿ ಮುಗಿಸಿದವರಿಗೂ ಮುಂದಿನದನ್ನು ಓದಿದವರಿಗೂ ಆ ಕೊನೆ ಒಂದೇ ಥರ ಕಾಣಲು ಸಾಧ್ಯವಿಲ್ಲ. ಎಷ್ಟೋ ವಾದಗಳಲ್ಲಿ ಇಬ್ಬರು ಬೇರೆ ಬೇರೆ ಪುಸ್ತಕದ ಬಗ್ಗೆ ಮಾತಾಡುತ್ತಿರುತ್ತಾರೆ, ತಮಗೇ ಗೊತ್ತಿರುವುದಿಲ್ಲ.

ಹಿಂದಕ್ಕೆ ಹೋದರೂ ಇದೇ ಕತೆ. ಮೊದಲ ಪುಸ್ತಕ, 1983ರ ‘ದಿ ಕಲರ್ ಆಫ್ ಮ್ಯಾಜಿಕ್’ನಿಂದ ಶುರು ಮಾಡಿದವರಿಗೆ ಡೆತ್ ಸಿಡುಕ, ಕೆಟ್ಟವನು. ಒಬ್ಬ ಪುಕ್ಕಲು ಮಂತ್ರವಾದಿಯ ಬೆನ್ನು ಹತ್ತಿ, ಅವನು ಸಿಗದಿದ್ದಾಗ ಸಿಟ್ಟಾಗುತ್ತಾನೆ. ‘ಮಾರ್ಟ್’ನ ಸೌಮ್ಯ ಡೆತ್ ಅವರಿಗೆ ಬೇರೆ ಯಾರೋ ಅನ್ನಿಸುತ್ತದೆ. ಪಾತ್ರ ಲೇಖಕನ ಕೈಯಲ್ಲಿ ನಿಧಾನಕ್ಕೆ ಹದ ಆಯಿತು ಅನ್ನುವುದು ಸರಳ ಉತ್ತರ. ಯಾವ ಕ್ರಮದಲ್ಲಿ ಓದಬೇಕು ಅನ್ನುವ ಚರ್ಚೆಗೆ ಕೊನೆಯಿಲ್ಲ. ಡೆತ್‌ನನ್ನೇ ಹಿಂಬಾಲಿಸುವುದಾದರೆ ‘ಮಾರ್ಟ್’, ‘ರೀಪರ್ ಮ್ಯಾನ್’ (1991), ‘ಸೋಲ್ ಮ್ಯೂಸಿಕ್’, ‘ಹಾಗ್‌ಫಾದರ್’ (1996), ‘ಥೀಫ್ ಆಫ್ ಟೈಮ್’ (2001). ಇವುಗಳಲ್ಲಿ ‘ರೀಪರ್ ಮ್ಯಾನ್’ ‘ಮಾರ್ಟ್’ಗಿಂತ ಆಳ ಅನ್ನುವವರಿದ್ದಾರೆ. ಅದರಲ್ಲಿ ಡೆತ್‌ನನ್ನು ಕೆಲಸದಿಂದ ತೆಗೆಯುತ್ತಾರೆ, ಅವನು ಒಬ್ಬ ಮುದುಕಿಯ ಹೊಲದಲ್ಲಿ ಕುಯಿಲಿನ ಆಳಾಗುತ್ತಾನೆ. ಬೇಸಾಯದ ಸಲಕರಣೆಯ ಅನುಭವ ಕೊನೆಗೂ ಉಪಯೋಗಕ್ಕೆ ಬಂತು!

ದನಿಯ ವಿಷಯ ಹೇಳದೆ ಹೋದರೆ ಆಗುವುದಿಲ್ಲ. ಇಂಗ್ಲಿಷ್ ಪುಸ್ತಕದಲ್ಲಿ ಡೆತ್ ಮಾತಿಗೆ ಉದ್ಧರಣ ಚಿಹ್ನೆ ಇಲ್ಲ. ಮಾತೆಲ್ಲ ಚಿಕ್ಕ ಗಾತ್ರದ ದೊಡ್ಡಕ್ಷರಗಳಲ್ಲಿ (ಕ್ಯಾಪಿಟಲ್ ಲೆಟರ್) ಅಚ್ಚಾಗಿದೆ. ಕಿವಿಗೆ ಬೀಳದೆ ನೇರ ತಲೆಯೊಳಗೆ ಇಳಿಯುವ ಮಾತು ಅದು. ಮಾರ್ಟ್ ಬದಲಾಗುವಾಗ ಅವನ ಮಾತಿನಲ್ಲೂ ದೊಡ್ಡಕ್ಷರ ನುಸುಳುತ್ತವೆ. ಯಾರೂ ವಿವರಿಸಬೇಕಿಲ್ಲ, ಪುಟ ನೋಡಿದರೆ ಎದೆ ಝಲ್ ಅನ್ನುತ್ತದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ. ದಪ್ಪಕ್ಷರ ಹಾಕಿದರೆ ಕೂಗಿದ ಹಾಗೆ ಕಾಣುತ್ತದೆ. ಡೆತ್ ಕೂಗುವವನಲ್ಲ. ಬಹುಶಃ ಹಳೆಯ ಶಾಸನದ ಗತ್ತಿನ ಭಾಷೆಯನ್ನೇ ಅವನ ಬಾಯಿಗೆ ಕೊಡಬೇಕೇನೋ. ಆದರೆ ಅವನು ‘ಇದು ಮಜಾನಾ’ ಅಂತ ಕೇಳುವ ಮುಗ್ಧತೆ ಆಗ ಎಲ್ಲಿ ನಿಲ್ಲುತ್ತದೆ? ಕೇಳುಪುಸ್ತಕ ಮಾಡುವವರಿಗೂ ಇದೇ ತಲೆನೋವು. 2022ರಿಂದ ಪೆಂಗ್ವಿನ್ ಹೊರತಂದ ಹೊಸ ಕೇಳುಪುಸ್ತಕಗಳಲ್ಲಿ ಯಾರೇ ಕತೆ ಓದಲಿ, ಡೆತ್ ದನಿ ಮಾತ್ರ ಪೀಟರ್ ಸೆರಾಫಿನೋವಿಚ್ ಅವರದು. ಟಿಪ್ಪಣಿ ಓದಲು ಬಿಲ್ ನೈ. ಡೆತ್‌ಗೆ ಪ್ರತ್ಯೇಕ ಕಂಠ ಬೇಕು ಅಂತ ಅವರಿಗೂ ಅನ್ನಿಸಿದೆ.

ಓದುಗರ ಅಭಿಪ್ರಾಯ ಅಂದಾಗ ನಾನು ಎಲ್ಲಕ್ಕಿಂತ ಜಾಸ್ತಿ ತೂಕ ಕೊಡುವುದು ಬೇರೆಯದೇ ಒಂದು ಗುಂಪಿಗೆ. ವಾಸಿಯಾಗದ ಕಾಯಿಲೆಯಲ್ಲಿ ದಿನ ಎಣಿಸುತ್ತಿದ್ದ ಓದುಗರು ಪ್ರಾಚೆಟ್‌ಗೆ ಪತ್ರ ಬರೆಯುತ್ತಿದ್ದರು. ಬರುವ ಸಾವು ನಿಮ್ಮ ಡೆತ್ ಹಾಗೇ ಇರಲಿ ಅನ್ನುವುದು ಅವರ ಆಸೆ. ಅಂಥ ಪತ್ರ ಓದಿದ ಮೇಲೆ ಸ್ವಲ್ಪ ಹೊತ್ತು ಗೋಡೆ ನೋಡುತ್ತಾ ಕೂತುಬಿಡುತ್ತೇನೆ ಅಂತ ಅವರೇ ಬರೆದುಕೊಂಡಿದ್ದಾರೆ. ಈ ಓದುಗರಿಗೆ ರಾಜಕುಮಾರಿಯ ಎಳೆ ಅವಸರವಾಯಿತಾ, ಪ್ರೇಮ ನಂಬುವ ಹಾಗಿದೆಯಾ ಎಂಬುದು ಮುಖ್ಯವಾಗಿರಲಿಲ್ಲ. ಡೆತ್ ಅವರನ್ನು ಉಳಿಸುತ್ತಾನೆ ಅಂತ ಅವರು ಕೇಳಿಯೂ ಇರಲಿಲ್ಲ. ಬರುವವನು ಗದರದೆ, ತೂಗದೆ, ಹೊತ್ತಿಗೆ ಸರಿಯಾಗಿ ಬಂದು ಎರಡು ಮಾತಾಡಿದರೆ ಸಾಕಿತ್ತು.

2007ರ ಡಿಸೆಂಬರ್‌ನಲ್ಲಿ ಪ್ರಾಚೆಟ್ ತಮಗೆ ಆಲ್‌ಝೈಮರ್ ಕಾಯಿಲೆಯ ಅಪರೂಪದ ಒಂದು ಬಗೆ ಇದೆ ಅಂತ ಎಲ್ಲರಿಗೂ ತಿಳಿಸಿದರು. 2010ರಲ್ಲಿ ಬಿಬಿಸಿಯ ಡಿಂಬಲ್ಬಿ ಉಪನ್ಯಾಸ ಅವರ ಪಾಲಿಗೆ ಬಂತು. ವಿಷಯ ತಾನು ಸಾಯುವ ಹೊತ್ತನ್ನು ತಾನೇ ಆರಿಸಿಕೊಳ್ಳುವ ಹಕ್ಕು. ಕಾಯಿಲೆಯಿಂದ ಉದ್ದಕ್ಕೆ ಓದುವುದು ಕಷ್ಟವಾದ್ದರಿಂದ, ಅವರು ಪೀಠಿಕೆ ಹೇಳಿ ಕೂತರು. ಉಳಿದದ್ದನ್ನು ನಟ ಟೋನಿ ರಾಬಿನ್ಸನ್ ಓದಿದರು. ಗಡಿಯಾರ ಯಾರ ಕೈಯಲ್ಲಿರಬೇಕು ಅಂತ 1987ರಲ್ಲಿ ನಗುನಗುತ್ತಾ ಕೇಳಿದ ಪ್ರಶ್ನೆಯನ್ನು ಅವರು ಈಗ ತಮ್ಮ ಬಗ್ಗೆಯೇ ಕೇಳುತ್ತಿದ್ದರು.

2015ರ ಮಾರ್ಚ್ 12ರಂದು, 66ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸುದ್ದಿಯನ್ನು ಅವರ ಟ್ವಿಟರ್ ಖಾತೆ ದೊಡ್ಡಕ್ಷರದಲ್ಲಿ ಹೇಳಿತು. ಡೆತ್ ಬಂದು, ಸರ್ ಟೆರಿ, ಇನ್ನು ಜೊತೆಯಲ್ಲಿ ನಡೆಯೋಣ ಅಂದ ಹಾಗೆ. ಅದಾದ ಮೇಲೆ ಓದುಗರು ಒಂದು ಮನವಿ ಬರೆದು ಸಹಿ ಸಂಗ್ರಹಕ್ಕೆ ಇಳಿದರು, ಸಾವಿರಾರು ಜನ ಸಹಿ ಹಾಕಿದರು. ಟೆರಿ ಪ್ರಾಚೆಟ್ ಅವರನ್ನು ವಾಪಸ್ ಕಳಿಸಿಕೊಡಿ ಅನ್ನುವ ಮನವಿ ಅದು. ಬರೆದದ್ದು ಸರ್ಕಾರಕ್ಕೂ ಅಲ್ಲ, ದೇವರಿಗೂ ಅಲ್ಲ. ಒಂದೇ ಒಂದು ಸಲ ಗಡಿಯಾರ ತಿರುಗಿಸಿದ್ದನಲ್ಲ, ಅವನಿಗೆ.